ಖಾರದ ಗಿರಣಿಯ ಬೇರಿಂಗ್ ಪದೇ ಪದೇ ಏಕೆ ಹಾಳಾಗುತ್ತಿದೆ?

ಪ್ರಶ್ನೆ (ಬ್ಯಾಡಗಿ): ನಮ್ಮ ಗಿರಣಿಯ ಶಾಫ್ಟಿಗೆ ಹಾಕಿದ 6206 ಸಂಖ್ಯೆಯ ಬಾಲ್ ಬೇರಿಂಗ್ ಎರಡು ತಿಂಗಳೊಳಗೆ ಸದ್ದು ಮಾಡತೊಡಗುತ್ತದೆ. ಬಿಚ್ಚಿ ನೋಡಿದರೆ ಗ್ರೀಸ್ ಕೆಂಪು ಮುದ್ದೆಯಾಗಿ, ಗುಂಡುಗಳ ಹೊಳಪು ಮಾಸಿರುತ್ತದೆ. ಗುಂಡಿನ ಬದಲು ಉರುಳೆಗಳಿರುವ ರೋಲರ್ ಬೇರಿಂಗ್ ಹಾಕಿದರೆ ಬಾಳಿಕೆ ಬಂದೀತೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಹುಬ್ಬಳ್ಳಿ): ಸರ್, ರೋಲರ್ ಗುಂಡಿನಂತೆ ಒಂದು ಬಿಂದುವಿನಲ್ಲಿ ತಾಗದೆ ಗೆರೆಯುದ್ದಕ್ಕೂ ತಾಗುವುದರಿಂದ ಹೆಚ್ಚು ಭಾರ ಹೊರುತ್ತದೆ, ನಿಜ, ಆದರೆ ನೀವು ಹೇಳಿದ ಕೆಂಪು ಮುದ್ದೆಯನ್ನು ನೋಡಿದರೆ ನಿಮ್ಮ ತೊಂದರೆ ಭಾರದ್ದಲ್ಲ, ಒಳಹೊಕ್ಕ ಖಾರದ ಪುಡಿಯದು. ಬೇರಿಂಗ್ ಸಂಖ್ಯೆಯ ನಂತರ ಝಡ್‌ಝಡ್ ಎಂದಿದ್ದರೆ ಅದು ತಗಡಿನ ಮುಚ್ಚಳ. ಅಂಚಿನಲ್ಲಿ ಸಂದು ಉಳಿಯುವುದರಿಂದ ನಯವಾದ ಪುಡಿಯನ್ನು ತಡೆಯದು. ಎರಡೂ ಬದಿಗೆ ರಬ್ಬರ್ ಸೀಲ್ ಇರುವ 2ಆರ್‌ಎಸ್ ಕೇಳಿ ತನ್ನಿ. ಅಳತೆ ಅದೇ, ಒಳವ್ಯಾಸ 30, ಹೊರವ್ಯಾಸ 62, ಅಗಲ 16 ಮಿಲಿಮೀಟರ್; ಬೇರಿಂಗ್ ಕೂರುವ ಹೌಸಿಂಗ್ ಬದಲಿಸಬೇಕಿಲ್ಲ.

ಉತ್ತರ (ಗದಗ): ಮೇಲಿನವರ ಮಾತು ಸರಿ. ಕೂರಿಸುವಾಗಲೂ ಎಚ್ಚರ ಬೇಕು. ಹೊರ ಉಂಗುರಕ್ಕೆ ಸುತ್ತಿಗೆಯಿಂದ ಬಡಿದರೆ ಆ ಪೆಟ್ಟು ಗುಂಡುಗಳ ಮೂಲಕವೇ ಹಾದು, ಅವು ಉರುಳುವ ದಾರಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತಗ್ಗುಗಳನ್ನು ಮೂಡಿಸುತ್ತದೆ. ಒಳ ಉಂಗುರಕ್ಕೆ ಮಾತ್ರ ತಾಗುವ ಪೈಪಿನ ತುಂಡಿಟ್ಟು ನೇರವಾಗಿ ಒತ್ತಿಸಿರಿ. ಬೆಲ್ಟನ್ನು ಅತಿಯಾಗಿ ಬಿಗಿಯಬೇಡಿ.

ಪ್ರಶ್ನೆ ಕೇಳಿದವರು: ಹಳೆಯದನ್ನು ಸೀಮೆಎಣ್ಣೆಯಲ್ಲಿ ತೊಳೆದು ನೋಡಿದೆ, ಝಡ್‌ಝಡ್ ಎಂದೇ ಇದೆ. ಸೀಲಿನದನ್ನು ನಾಳೆಯೇ ತರುತ್ತೇನೆ, ಇಬ್ಬರಿಗೂ ಧನ್ಯವಾದಗಳು.