'ಹಡಗು ನಿರೋಧಕ ಕ್ಷಿಪಣಿ' ಸರಿಯೇ? ಬೇರೆ ಪದ ಇದೆಯೇ?

ಗೆಳೆಯರೇ,

ಅಳಿವೆನಾಡು ಎಂಬ ಕಲ್ಪಿತ ದ್ವೀಪದೇಶದ ನೌಕಾಪಡೆಯ ಚರಿತ್ರೆ ಬರೆಯುತ್ತಿದ್ದೇನೆ. ದೇಶ ಕಟ್ಟುಕತೆ, ಆದರೆ ತಂತ್ರಜ್ಞಾನ ಕಟ್ಟುಕತೆ ಆಗಬಾರದು ಅನ್ನುವುದು ನನ್ನ ಹಟ. ಈಗ ಬರೆಯುತ್ತಿರುವುದು ಅವರು ಸ್ವಂತವಾಗಿ ತಯಾರಿಸಿದ ಕ್ರೂಸ್ ಕ್ಷಿಪಣಿಯ, ಅಂದರೆ ಪುಟ್ಟ ವಿಮಾನದಂತೆ ಹಾರಿಕೊಂಡು ಹೋಗುವ ಕ್ಷಿಪಣಿಯ ಅಧ್ಯಾಯ. ಕೆಲಸ ಒಂದೇ, ಶತ್ರುವಿನ ಹಡಗನ್ನು ಹೊಡೆಯುವುದು. ಈ ಬಗೆಯ ಕ್ಷಿಪಣಿಗೆ ಕನ್ನಡದಲ್ಲಿ ಏನನ್ನೋಣ?

ಪತ್ರಿಕೆಗಳು 'ಹಡಗು ನಿರೋಧಕ' ಅನ್ನುತ್ತವೆ. ನನಗೆ ಅದು ಒಗ್ಗುತ್ತಿಲ್ಲ. ಗುಂಡು ನಿರೋಧಕ ಜಾಕೆಟ್ ಗುಂಡನ್ನು ತಡೆಯುತ್ತದೆ. ರೋಗನಿರೋಧಕ ಶಕ್ತಿಯೂ ಅಷ್ಟೇ, ತಡೆಯುವ ಶಕ್ತಿ. ಈ ಕ್ಷಿಪಣಿ ಯಾವ ಹಡಗನ್ನೂ ತಡೆದು ನಿಲ್ಲಿಸುವುದಿಲ್ಲ, ಹುಡುಕಿಕೊಂಡು ಹೋಗಿ ಹೊಡೆಯುತ್ತದೆ. ಕೃಷಿ ಬರಹಗಳಲ್ಲಿ ಈ ವ್ಯತ್ಯಾಸ ಚೆನ್ನಾಗಿ ಉಳಿದಿದೆ. 'ಕೀಟ ನಿರೋಧಕ ತಳಿ' ಬೇರೆ, 'ಕೀಟನಾಶಕ' ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಯಾರೂ ಬಳಸುವುದಿಲ್ಲ, ಅಲ್ವಾ?

'ಟ್ಯಾಂಕ್ ನಿರೋಧಕ' ಎಂದೋ ರೂಢಿಗೆ ಬಂದಿದೆ, ಇದೊಂದಕ್ಕೆ ಯಾಕೆ ತಕರಾರು ಅನ್ನಬಹುದು. ನನ್ನ ತೊಂದರೆ ಏನೆಂದರೆ, ಕತೆಯ ಒಂದೇ ಪುಟದಲ್ಲಿ ಎರಡೂ ಬರುತ್ತವೆ. ಒಂದು ಕಡೆಯಿಂದ ಹಡಗು ನಿರೋಧಕ ಕ್ಷಿಪಣಿ ಹಾರುತ್ತದೆ. ಎದುರಿನ ಹಡಗಿನಲ್ಲಿ ಕ್ಷಿಪಣಿ ನಿರೋಧಕ ವ್ಯವಸ್ಥೆ ಇದೆ. ಮೊದಲನೆಯದು ಹೊಡೆಯುವುದು, ಎರಡನೆಯದು ಕಾಯುವುದು. ಎರಡಕ್ಕೂ ಅದೇ ಪದ ಹಾಕಿದರೆ ಓದುವವರು ಯಾರ ಕಡೆ ನಿಲ್ಲಬೇಕು?

'ನಾಶಕ' ಹಾಕಿ ನೋಡಿದೆ. ಅರ್ಥ ನೆಟ್ಟಗಿದೆ. 'ವಿಧ್ವಂಸಕ' ಬೇಡವೇ ಬೇಡ, ಅದು ಆಗಲೇ ಒಂದು ಬಗೆಯ ಯುದ್ಧನೌಕೆಯ ಹೆಸರು. 'ನಿಗ್ರಹ' ಕೂಡ ಚಾಲ್ತಿಯಲ್ಲಿದೆ, ಭ್ರಷ್ಟಾಚಾರ ನಿಗ್ರಹ ಅನ್ನುತ್ತೇವಲ್ಲ. ಆದರೆ 'ಹಡಗು ನಿಗ್ರಹ' ಅಂದ ಕೂಡಲೇ ಇಂದ್ರಿಯ ನಿಗ್ರಹ ನೆನಪಾಗಿ ನಗು ಬರುತ್ತದೆ. 'ಹಡಗಿನಿಂದ ಹಡಗಿಗೆ' ಅನ್ನುವುದು ಸರಳ, ಆದರೆ ಸಾಲದು. ಇಂಥ ಕ್ಷಿಪಣಿಯನ್ನು ದಡದಿಂದಲೂ ವಿಮಾನದಿಂದಲೂ ಹಾರಿಸಬಹುದು. 1982ರ ಮೇ 4ರಂದು ಬ್ರಿಟನ್ನಿನ ಶೆಫೀಲ್ಡ್ ನೌಕೆಗೆ ಬಡಿದ ಎಕ್ಸೊಸೆ ಎಂಬ ಫ್ರೆಂಚ್ ಕ್ಷಿಪಣಿ ಬಂದದ್ದು ಅರ್ಜೆಂಟೀನಾದ ವಿಮಾನದಿಂದ.

ಎಕ್ಸೊಸೆ ಅಂದರೆ ಫ್ರೆಂಚಿನಲ್ಲಿ ಹಾರುಮೀನು. ನನ್ನ ಎರಡನೇ ಪ್ರಶ್ನೆ ಅದು ಹಾರುವ ರೀತಿಯ ಬಗ್ಗೆಯೇ. 1967ರಲ್ಲಿ ಇಸ್ರೇಲಿನ ಐಲಾತ್ ನೌಕೆಯನ್ನು ಮುಳುಗಿಸಿದ ಸೋವಿಯತ್ ಕ್ಷಿಪಣಿಗಳು ಸಾಕಷ್ಟು ಎತ್ತರದಲ್ಲಿ ಬರುತ್ತಿದ್ದವು. ಆಮೇಲಿನವು ನೀರಿನಿಂದ ಕೆಲವೇ ಮೀಟರ್ ಮೇಲೆ ಹಾರತೊಡಗಿದವು. ಭೂಮಿ ಗುಂಡಗಿದೆ, ರೇಡಾರ್ ನೋಟ ಹೆಚ್ಚುಕಡಿಮೆ ನೇರ. ಆದ್ದರಿಂದ 20 ಮೀಟರ್ ಎತ್ತರದ ರೇಡಾರಿಗೆ 5 ಮೀಟರ್ ಎತ್ತರದಲ್ಲಿ ಬರುವ ಕ್ಷಿಪಣಿ ಕಾಣುವ ಹೊತ್ತಿಗೆ ಅದು ಸುಮಾರು 28 ಕಿ.ಮೀ. ದೂರದವರೆಗೆ ಬಂದುಬಿಟ್ಟಿರುತ್ತದೆ. ಶಬ್ದಕ್ಕಿಂತ ತುಸು ಕಡಿಮೆ ವೇಗ ಎಂದುಕೊಂಡರೂ ಹಡಗಿನವರಿಗೆ ಉಳಿಯುವುದು ಒಂದೂವರೆ ನಿಮಿಷ. ಅಳಿವೆನಾಡಿನ ಎಂಜಿನಿಯರುಗಳು ಜಾಸ್ತಿ ಒದ್ದಾಡುವುದೂ ಇಲ್ಲೇ. ಅಲೆ ಎಷ್ಟು ಎತ್ತರ ಏಳುತ್ತದೋ ಗೊತ್ತಿಲ್ಲದೆ ಕೆಳಗಿಳಿದರೆ ಕ್ಷಿಪಣಿ ನೀರಿಗೇ ಬೀಳುತ್ತದೆ.

ಈ ಹಾರಾಟಕ್ಕೆ 'ಅಲೆ ಸವರಿ ಹಾರುವ' ಎಂದು ಬರೆದಿದ್ದೇನೆ. ವಾಕ್ಯದಲ್ಲಿ ಚೆಂದ, ಆದರೆ ಶೀರ್ಷಿಕೆಗೆ ಬೇಕಾದಷ್ಟು ಚಿಕ್ಕದಲ್ಲ. 'ಅಲೆಸವರಿ' ಎಂದು ಕೂಡಿಸಿದರೆ ಕಿವಿಗೆ ಹೇಗೆ ಕೇಳುತ್ತದೆ? ಹಾರಿಸುವಾಗ ಕ್ಷಿಪಣಿಗೆ ಮೊದಲ ನೂಕು ಕೊಡುವ ರಾಕೆಟ್ಟಿಗೆ ಬೂಸ್ಟರ್ ಅನ್ನುವ ಪದವನ್ನು ಹಾಗೇ ಬಿಟ್ಟಿದ್ದೇನೆ, ಲಸಿಕೆಯ ದೆಸೆಯಿಂದ ಆ ಪದ ಎಲ್ಲರಿಗೂ ಪರಿಚಯ. ಮೂತಿಯಲ್ಲಿ ಕೂತು ಗುರಿಯನ್ನು ಹುಡುಕುವ ಪುಟ್ಟ ರೇಡಾರಿಗೆ ಮಾತ್ರ ಪದ ಸಿಕ್ಕಿಲ್ಲ. 'ಶೋಧಕ' ಸುಮ್ನೆ ಸೋಸುವ ಸಾಧನದಂತೆ ಕೇಳುತ್ತದೆ.

ಸದ್ಯಕ್ಕೆ 'ಹಡಗುನಾಶಕ ಕ್ಷಿಪಣಿ' ಎಂದೇ ಮುಂದುವರಿಯುತ್ತಿದ್ದೇನೆ. 'ನಿರೋಧಕ'ವನ್ನು ಹೊಡೆಯುವ ಅರ್ಥದಲ್ಲಿ ಬಳಸಿದ ಹಳೆಯ ಉದಾಹರಣೆ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ, ಆಗ ವಾದ ಬಿಡುತ್ತೇನೆ.