ಸಹಾಯ ಬೇಕು: ಗುಳ್ಳೆ ಚಿತ್ರದಲ್ಲಿ ಬಣ್ಣ ಗಾಢವಾಗಿ ಬರಲು ಏನು ಮಾಡಬೇಕು?

ಎಲ್ಲರಿಗೂ ನಮಸ್ಕಾರ. ಮಕ್ಕಳಿಂದ ಸೋಪಿನ ಗುಳ್ಳೆಯ ಚಿತ್ರ ಮಾಡಿಸುತ್ತಿದ್ದೇನೆ. ಲೋಟಕ್ಕೆ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಪೋಸ್ಟರ್ ಕಲರ್ ಹಾಕಿ ಸ್ಟ್ರಾದಿಂದ ಊದುತ್ತಾರೆ. ನೊರೆ ಅಂಚು ದಾಟಿ ಉಬ್ಬಿದಾಗ ಮೇಲೆ ಹಾಳೆಯನ್ನು ಮೆಲ್ಲಗೆ ತಾಗಿಸುತ್ತೇವೆ. ಗುಳ್ಳೆ ಒಡೆದ ಕಡೆಯೆಲ್ಲ ಜೇನುಗೂಡಿನಂಥ ಗೆರೆಗಳು ಮೂಡುತ್ತವೆ. ಆಗ ಮಕ್ಕಳ ಮುಖ ನೋಡಬೇಕು!

ತೊಂದರೆ ಏನಂದ್ರೆ, ಹಸಿ ಇದ್ದಾಗ ಚೆನ್ನಾಗಿ ಕಾಣುವ ಬಣ್ಣ ಒಣಗಿದ ಮೇಲೆ ತೀರಾ ಪೇಲವ. ಹಳದಿಯಂತೂ ಕಾಣುವುದೇ ಇಲ್ಲ. ಬಣ್ಣ ಜಾಸ್ತಿ ಹಾಕಿದರೆ ನೀರು ಮಂದವಾಗಿ ಗುಳ್ಳೆ ಸರಿಯಾಗಿ ಏಳುವುದಿಲ್ಲ. ಫುಡ್ ಕಲರ್ ಅಥವಾ ಇಂಕ್ ಬಳಸಿದವರು ಯಾರಾದರೂ ಇದ್ದೀರಾ? ದಯವಿಟ್ಟು ಅಳತೆ ಹೇಳಿ. ಗ್ಲಿಸರಿನ್ ಹಾಕಿದರೆ ಗುಳ್ಳೆ ಹೆಚ್ಚು ಹೊತ್ತು ನಿಲ್ಲುತ್ತದೆ ಅಲ್ವಾ, ಆದರೆ ಹಾಳೆ ಅಂಟಂಟಾಗಿಯೇ ಉಳಿಯುತ್ತದೆಯೇ? ತೆಳು ಹಾಳೆ ಸುಕ್ಕಾಗುತ್ತಿದೆ. ಎಷ್ಟು ದಪ್ಪದ್ದು ಒಳ್ಳೆಯದು?

ಚಿಕ್ಕ ಮಕ್ಕಳಿರುವವರಿಗೆ ಒಂದು ಮಾತು: ಸ್ಟ್ರಾದ ಮೇಲ್ಭಾಗದಲ್ಲಿ ಪಿನ್ನಿನಿಂದ ಒಂದೆರಡು ತೂತು ಮಾಡಿ. ಊದಲು ತೊಂದರೆಯಿಲ್ಲ. ಅಪ್ಪಿತಪ್ಪಿ ಹೀರಿದರೆ ತೂತಿನಿಂದ ಗಾಳಿ ಬರುತ್ತದೆ, ಸೋಪು ನೀರು ಸುಲಭವಾಗಿ ಮೇಲೇರುವುದಿಲ್ಲ. ಆದರೂ ನಮ್ಮ ಚಿಕ್ಕವಳಿಗೆ ಸ್ಟ್ರಾ ಕಂಡರೆ ಹೀರುವುದೇ ಅಭ್ಯಾಸ. ಅವಳ ವಯಸ್ಸಿನವರಿಗೆ ಸ್ಟ್ರಾ ಇಲ್ಲದೆ ನೊರೆ ಎಬ್ಬಿಸುವ ದಾರಿ ಗೊತ್ತಿದ್ದರೆ ಅದನ್ನೂ ತಿಳಿಸಿ.