ವಿಟಮಿನ್ ಡಿ ಕೊಟ್ಟರೂ ಮಗಳ ರಿಕೆಟ್ಸ್ ವಾಸಿಯಾಗ್ತಿಲ್ಲ, ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ಮಗಳಿಗೆ 3 ವರ್ಷ. ನಡೆಯಲು ಶುರು ಮಾಡಿದಾಗಿನಿಂದ ಎರಡೂ ಕಾಲು ಹೊರಗೆ ಬಾಗಿವೆ, ಈಗ ಇನ್ನೂ ಜಾಸ್ತಿಯಾಗಿದೆ. ರಿಕೆಟ್ಸ್ (ಮಕ್ಕಳ ಮೂಳೆ ಮೆದುವಾಗಿ ಬಾಗುವ ಕಾಯಿಲೆ) ಅಂತ ಎರಡು ಸಲ ವಿಟಮಿನ್ ಡಿ ಕೋರ್ಸ್ ಆಯ್ತು. ಈಗಿನ ರಿಪೋರ್ಟ್: ಕ್ಯಾಲ್ಸಿಯಂ 9.4, ಫಾಸ್ಫರಸ್ 2.7, ಆಲ್ಕಲೈನ್ ಫಾಸ್ಫಟೇಸ್ (ರಿಕೆಟ್ಸ್ ಇದ್ದಾಗ ರಕ್ತದಲ್ಲಿ ಏರುವ ಕಿಣ್ವ) 720, ವಿಟಮಿನ್ ಡಿ 36. ಎಕ್ಸ್‌ರೇಯಲ್ಲಿ ರಿಕೆಟ್ಸ್ ಹಾಗೇ ಇದೆಯಂತೆ. ಮತ್ತೊಂದು ಕೋರ್ಸ್ ಕೊಡೋಣ ಅಂತಿದ್ದಾರೆ. ಕೊಡಿಸಲಾ?

ಉತ್ತರ (ಮಕ್ಕಳ ಹಾರ್ಮೋನ್ ತಜ್ಞೆ): ಬೇಡಮ್ಮ, ಸ್ವಲ್ಪ ನಿಲ್ಲಿ. ಡಿ 20ಕ್ಕಿಂತ ಮೇಲಿದ್ದರೆ ಸಾಕು, ನಿಮ್ಮ ಮಗುವಿಗೆ 36 ಇದೆ. ಕೊರತೆಯಿಂದ ಬಂದ ರಿಕೆಟ್ಸ್ ಆಗಿದ್ದರೆ ಡಿ ಮತ್ತು ಕ್ಯಾಲ್ಸಿಯಂ ಸರಿಯಾಗಿ ಹೋದ ಮೇಲೆ ಮೂರು ತಿಂಗಳೊಳಗೆ ಎಕ್ಸ್‌ರೇಯಲ್ಲಿ ಮೂಳೆ ವಾಸಿಯಾಗುತ್ತಿರುವುದು ಕಾಣಬೇಕಿತ್ತು.

ನನ್ನ ಕಣ್ಣು ಹೋಗಿದ್ದು ಫಾಸ್ಫರಸ್ ಮೇಲೆ. ರಿಪೋರ್ಟಿನಲ್ಲಿ ಅದರ ಪಕ್ಕ 2.5ರಿಂದ 4.5 ನಾರ್ಮಲ್ ಅಂತ ಇದೆಯಾ ನೋಡಿ. ಅದು ದೊಡ್ಡವರ ಅಳತೆ. ಬೆಳೆಯುವ ಮಕ್ಕಳಲ್ಲಿ ಫಾಸ್ಫೇಟ್ (ರಿಪೋರ್ಟಿನಲ್ಲಿ ಫಾಸ್ಫರಸ್ ಅಂತ ಇರುವುದು ಇದೇ) ಜಾಸ್ತಿ ಇರುತ್ತದೆ. ಈ ವಯಸ್ಸಿಗೆ ಸುಮಾರು 4 ಅಥವಾ ಅದಕ್ಕಿಂತ ಮೇಲೆ ಇರಬೇಕು. ಹಾಗಾಗಿ 2.7 ನಿಜಕ್ಕೂ ಕಡಿಮೆ, ಆದರೆ ಕಾಗದದ ಮೇಲೆ ನಾರ್ಮಲ್ ಅಂತ ಕಾಣುತ್ತದೆ. ಮಕ್ಕಳ ಮೂಳೆ ಕಾಯಿಲೆಯಲ್ಲಿ ಇಷ್ಟು ಸುಲಭವಾಗಿ ತಪ್ಪಿಹೋಗುವ ವಿಷಯ ಇನ್ನೊಂದಿಲ್ಲ ಅನ್ನಿಸುತ್ತದೆ. ನಷ್ಟ ಅನುಭವಿಸುವುದು ಮಗು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕಿಡ್ನಿ ಫಾಸ್ಫೇಟ್ ಅನ್ನು ಮೂತ್ರದಲ್ಲಿ ಬಿಟ್ಟುಬಿಡುತ್ತಿದೆಯಾ ಅಂತ ನೋಡಬೇಕು. ಖಾಲಿ ಹೊಟ್ಟೆಯಲ್ಲಿ ರಕ್ತ, ಮೂತ್ರ ಎರಡನ್ನೂ ಒಂದೇ ಹೊತ್ತಿಗೆ ಕೊಟ್ಟು, ಎರಡರಲ್ಲೂ ಫಾಸ್ಫೇಟ್ ಮತ್ತು ಕ್ರಿಯಾಟಿನಿನ್ ಮಾಡಿಸಿ. ಜೊತೆಗೆ ಪಿಟಿಎಚ್ (ಕ್ಯಾಲ್ಸಿಯಂ ನಿಯಂತ್ರಿಸುವ ಪ್ಯಾರಾಥೈರಾಯ್ಡ್ ಹಾರ್ಮೋನ್), ರಕ್ತದ ಬೈಕಾರ್ಬೊನೇಟ್, ಮೂತ್ರದಲ್ಲಿ ಸಕ್ಕರೆ ಮತ್ತು ಪ್ರೋಟೀನ್ ಕೂಡ. ಕೊನೆಯ ಮೂರು ಯಾಕೆಂದರೆ, ಕಿಡ್ನಿಯ ಬೇರೆ ತೊಂದರೆಗಳಲ್ಲೂ ಹೀಗೆ ಆಗುತ್ತದೆ.

ಒಂದು ಮಾತು ಕೇಳಲೇ? ಮನೆಯಲ್ಲಿ ಬೇರೆ ಯಾರಿಗಾದರೂ ಕುಳ್ಳಗೆ, ಕಾಲು ಬಾಗಿದ್ದು ಇದೆಯಾ?

ಪ್ರಶ್ನೆ (ಅದೇ ತಾಯಿ): ಮಗಳ ಅಪ್ಪನಿಗೇ ಇದೆ ಮೇಡಂ. ಚಿಕ್ಕವರಿದ್ದಾಗ ಕಾಲಿಗೆ ಆಪರೇಷನ್ ಆಗಿತ್ತು. ಹುಳುಕು ಇಲ್ಲದಿದ್ದರೂ ಹಲ್ಲಿನ ಬುಡದಲ್ಲಿ ಕೀವು ಆಗ್ತಾ ಇರುತ್ತೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ಇರುವ ಸಾಧ್ಯತೆ ತುಂಬಾ ಇದೆ. ನೀವು ಹೇಳಿದ ಹಲ್ಲಿನ ಲಕ್ಷಣ ಎಕ್ಸ್-ಲಿಂಕ್ಡ್ ಹೈಪೋಫಾಸ್ಫಟೀಮಿಯಾ ಅನ್ನೋ ವಂಶಪಾರಂಪರ್ಯ ಕಾಯಿಲೆಯಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಎಕ್ಸ್ ಕ್ರೋಮೋಸೋಮಿನಲ್ಲಿರುವ ಫೆಕ್ಸ್ ಅನ್ನೋ ಜೀನ್ ಕೆಟ್ಟಿರುತ್ತದೆ. ಅದರಿಂದ ಎಫ್‌ಜಿಎಫ್23 ಹಾರ್ಮೋನ್ ಜಾಸ್ತಿಯಾಗಿ, ಕಿಡ್ನಿಯಿಂದ ಫಾಸ್ಫೇಟ್ ಸೋರಿಹೋಗುತ್ತದೆ. ಅಪ್ಪನಿಗೆ ಇದ್ದರೆ ಹೆಣ್ಣುಮಕ್ಕಳೆಲ್ಲರಿಗೂ ಬರುತ್ತದೆ, ಗಂಡುಮಕ್ಕಳಿಗೆ ಅಪ್ಪನಿಂದ ಬರುವುದಿಲ್ಲ. ಮಗುವಿನ ಅಪ್ಪನಿಗೂ ಪರೀಕ್ಷೆ ಮಾಡಿಸಿ, ಜೀನ್ ಟೆಸ್ಟ್ ಆದರೆ ಇನ್ನೂ ಒಳ್ಳೆಯದು.

ಔಷಧಿ ಇದೆ. ಫಾಸ್ಫೇಟ್ ಅನ್ನು ದಿನಕ್ಕೆ ನಾಲ್ಕೈದು ಸಲ ಹಂಚಿ ಕೊಡುತ್ತಾರೆ, ಜೊತೆಗೆ ಕ್ಯಾಲ್ಸಿಟ್ರಿಯಾಲ್ ಅಥವಾ ಆಲ್ಫಾಕ್ಯಾಲ್ಸಿಡಾಲ್ (ವಿಟಮಿನ್ ಡಿಯ ಸಕ್ರಿಯ ರೂಪಗಳು). ಮಾಮೂಲಿ ವಿಟಮಿನ್ ಡಿ ಇವುಗಳ ಕೆಲಸ ಮಾಡುವುದಿಲ್ಲ. ರಕ್ತದ ಫಾಸ್ಫೇಟ್ ನಾರ್ಮಲ್ ಆಗಲೇಬೇಕು ಅಂತ ಡೋಸ್ ಏರಿಸುತ್ತಾ ಹೋಗಬಾರದು. ಹಾಗೆ ಮಾಡಿದರೆ ಪಿಟಿಎಚ್ ಏರುತ್ತದೆ, ಕಿಡ್ನಿಯಲ್ಲಿ ಕ್ಯಾಲ್ಸಿಯಂ ಕೂರುತ್ತದೆ. ಆಲ್ಕಲೈನ್ ಫಾಸ್ಫಟೇಸ್, ಎತ್ತರ, ಕಾಲಿನ ಆಕಾರ ನೋಡಿ ಡೋಸ್ ಸರಿಮಾಡುತ್ತೇವೆ. ಆಗಾಗ ಕಿಡ್ನಿ ಸ್ಕ್ಯಾನ್ ಬೇಕು. ಬ್ಯೂರೊಸುಮಾಬ್ ಅನ್ನೋ ಇಂಜೆಕ್ಷನ್ ನೇರವಾಗಿ ಎಫ್‌ಜಿಎಫ್23 ಅನ್ನೇ ತಡೆಯುತ್ತದೆ, ಮಕ್ಕಳಿಗೆ ಎರಡು ವಾರಕ್ಕೊಮ್ಮೆ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬೆಲೆ ತುಂಬಾ ಜಾಸ್ತಿ, ಹಾಗಾಗಿ ಎಲ್ಲರಿಗೂ ಸಿಗುತ್ತಿಲ್ಲ.

ಕಾಲಿನ ಆಪರೇಷನ್‌ಗೆ ಈಗಲೇ ಒಪ್ಪಬೇಡಿ. ಈ ವಯಸ್ಸಿನಲ್ಲಿ ಔಷಧಿಯಿಂದಲೇ ಸಾಕಷ್ಟು ನೇರವಾಗುತ್ತದೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನನ್ನ ಮಗನಿಗೆ ಒಂದೂವರೆ ವರ್ಷ, ಅವನ ಕಾಲೂ ಸ್ವಲ್ಪ ಬಾಗಿದೆ. ಭಯ ಆಗ್ತಿದೆ.

ಉತ್ತರ: ಎರಡು ವರ್ಷದವರೆಗೆ ಎರಡೂ ಕಾಲು ಒಂದೇ ಥರ ಸ್ವಲ್ಪ ಬಾಗಿರುವುದು ಸಹಜ ಸರ್. ಒಂದೇ ಕಾಲು ಬಾಗಿದ್ದರೆ, ಮಣಿಕಟ್ಟು ದಪ್ಪಗಿದ್ದರೆ, ಎತ್ತರ ಬೆಳೆಯದಿದ್ದರೆ ಅಥವಾ ಬಾಗು ಜಾಸ್ತಿಯಾಗುತ್ತಿದ್ದರೆ ತೋರಿಸಿ. ಸುಮ್ನೆ ಅಂಗಡಿಯಿಂದ ಡಿ ತಂದು ಕೊಡಬೇಡಿ. ಹೈಪೋಫಾಸ್ಫಟೇಸಿಯಾ ಅನ್ನೋ ಅಪರೂಪದ ಕಾಯಿಲೆಯಲ್ಲೂ ಎಕ್ಸ್‌ರೇ ರಿಕೆಟ್ಸ್ ಥರವೇ ಕಾಣಬಹುದು, ಆದರೆ ಅಲ್ಲಿ ಆಲ್ಕಲೈನ್ ಫಾಸ್ಫಟೇಸ್ ಕಡಿಮೆ ಇರುತ್ತದೆ. ಅಂಥ ಮಗುವಿಗೆ ಡಿ ಜಾಸ್ತಿ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಏರಬಹುದು.

ಆ ತಾಯಿಗೆ: ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕಿ, ನೋಡುತ್ತೇನೆ. ಹೆಸರು ಮರೆಮಾಡಿ ಹಾಕಿ.